ಅಕ್ಕನ ಪರೀಕ್ಷೆಗೆ ನಾನು ಹೇಳಿಕೊಟ್ಟ ಉತ್ತರ

ನನಗೆ ಒಪ್ಪಿಸಿದ್ದ ಕೆಲಸದಲ್ಲಿ ಮಾತಿಗಿಂತ ಸುಮ್ಮನಿರುವುದೇ ಹೆಚ್ಚಿತ್ತು. ಐದು ಶಬ್ದ ಹೇಳಬೇಕು. ಎದುರಿಗೆ ಕೂತವರು ಅವನ್ನು ಒಮ್ಮೆ ತಿರುಗಿ ಹೇಳಬೇಕು. ಆಮೇಲೆ ಅವರ ಗಮನವನ್ನು ಬೇರೆ ಕಡೆ ಎಳೆಯಬೇಕು. ವಾರಗಳ ಹೆಸರನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುವುದು, ನಾನು ಜೋಡಿಸಿದಂತೆಯೇ ಬೆಂಕಿಕಡ್ಡಿಗಳನ್ನು ಜೋಡಿಸಲು ಹೇಳುವುದು, ಹೀಗೆ ಏನೇನೋ. ಅಷ್ಟಾದ ಮೇಲೆ ಮೊದಲಿನ ಐದು ಶಬ್ದಗಳನ್ನು ಮತ್ತೆ ಕೇಳಿ, ಅವರು ನೆನಪಿಸಿಕೊಳ್ಳುವ ತನಕ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಈ ಕೊನೆಯ ಕೆಲಸವನ್ನು ನಾನು ಒಂದು ಮನೆಯಲ್ಲಿ ಮಾಡಲಿಲ್ಲ. ಅದು ನನ್ನ ಅಕ್ಕನ ಮನೆ. ಅದರಿಂದ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ವಡಗಾವಿಯವನು. ಹೈಸ್ಕೂಲು ಮುಗಿಸಿ ಮಗ್ಗಕ್ಕೆ ನಿಂತವನು. ಕಣ್ಣಿಗೆ ಎಳೆ ಕಾಣದಂತಾಗಿ ಮಗ್ಗ ಬಿಟ್ಟ ಮೇಲೆ ಮನೆಯಲ್ಲಿ ಕೂತು ಬೇಸರವಾಗಿತ್ತು. ಆಗ ಮನಃಶಾಸ್ತ್ರ ಓದಿದ ಒಬ್ಬ ಮೇಡಂ ನಮ್ಮ ಗಲ್ಲಿಗೆ ಬಂದರು. ಶಿವಬಸವ ನಗರದ ಅವರ ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ಸಾಮಾನ್ಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು, ವಯಸ್ಸಾದವರ ನೆನಪು ಪರೀಕ್ಷಿಸಿ ಅಗತ್ಯವಿದ್ದವರನ್ನು ವೈದ್ಯರ ಬಳಿ ಕಳಿಸುವುದು, ಇವೆರಡು ಅವರು ಕೈಗೆತ್ತಿಕೊಂಡ ಕೆಲಸ. ಕನ್ನಡ, ಮರಾಠಿ ಎರಡೂ ಬಲ್ಲ, ಮುದುಕರ ಜೊತೆ ಕೂತು ಮಾತಾಡಬಲ್ಲ ಒಬ್ಬ ಸಹಾಯಕ ಬೇಕಾಗಿದ್ದ.

"ಓದಾಕ ಬರಿಯಾಕ ಬರತದಲ್ರಿ ಕಾಕಾ?" ಎಂದು ಕೇಳಿದರು.

"ಬರತದ್ರಿ. ಆದರ ನಾ ಏನ್ ಅಂಥಾ ಶಾಣ್ಯಾ ಅಲ್ರಿ."

"ಶಾಣ್ಯಾರು ಬ್ಯಾಡ್ರಿ. ಶಾಣ್ಯಾ ಮಂದಿಗೆ ಸುಮ್ಮ ಕುಂದರಾಕ ಬರಂಗಿಲ್ಲ. ನನಗ ಸುಮ್ಮ ಕುಂದರಾವ್ರು ಬೇಕು."

ಕೆಲಸಕ್ಕೆ ಇಳಿಸುವ ಮೊದಲು ಅವರು ನನಗೆ ನೆನಪಿನ ಪಾಠ ಮಾಡಿದರು. ನೆನಪು ಎಂಬುದು ಒಂದೇ ಕೆಲಸವಲ್ಲ. ಕಿವಿಗೆ ಬಿದ್ದದ್ದನ್ನು ಮನಸ್ಸು ಮೊದಲು ಒಳಗೆ ತೆಗೆದುಕೊಳ್ಳಬೇಕು, ಆಮೇಲೆ ಇಟ್ಟುಕೊಳ್ಳಬೇಕು, ಬೇಕಾದಾಗ ಹುಡುಕಿ ತರಬೇಕು. ಗಮನವಿಲ್ಲದೆ ಕೇಳಿದ್ದು ಒಳಗೇ ಹೋಗಿರುವುದಿಲ್ಲ, ಅದನ್ನು ಮರೆತೆ ಎನ್ನುವಂತಿಲ್ಲ. ಹುಡುಕಿ ತರುವುದು ಬೇರೆ, ಕಂಡಾಗ ಗುರುತಿಸುವುದು ಬೇರೆ. "ಬಜಾರದಾಗ ಹಳೇ ದೋಸ್ತ ಎದುರು ಬಂದ್ರ ಗುರತ ಸಿಗತಾನ. ಅಂವನ ಹೆಸರ ಹೇಳ್ರಿ ಅಂದ್ರ ನಿಂತಬಿಡತೀರಿ. ಹೌದಲ್ಲ?" ಎಂದರು. ನೆನಪು ಸೋರುವ ಕಾಯಿಲೆಯಲ್ಲಿ ಮೊದಲು ಹೋಗುವುದು ಈಗಷ್ಟೇ ನಡೆದದ್ದು. ಬಾಲ್ಯದ ಹಾಡು, ಕೈಗೆ ಕೂತ ಕೆಲಸ ಬಹಳ ದಿನ ಉಳಿಯುತ್ತವೆ. ಅದಕ್ಕೇ ಮನೆಯವರಿಗೆ ತಿಳಿಯುವುದಿಲ್ಲ. ಹಳೆಯದೆಲ್ಲ ಹೇಳುವ ತಾಯಿಗೆ ನೆನಪು ಕೆಟ್ಟಿದೆ ಎಂದರೆ ಯಾವ ಮಗ ನಂಬುತ್ತಾನೆ?

ಆದ್ದರಿಂದ ಸೂಚನೆ ಕೊಡಬಾರದು. ಒಂದಕ್ಷರವನ್ನೂ ಹೇಳಬಾರದು. ಹೇಳಿದರೆ ನಾವು ಅಳೆಯುವುದು ಅವರ ನೆನಪನ್ನಲ್ಲ, ನಮ್ಮ ಸಹಾಯವನ್ನು.

ವಡಗಾವಿಯಿಂದಲೇ ಶುರುಮಾಡಿದೆವು. ಎಲ್ಲರೂ ಗೊತ್ತಿದ್ದವರು. ಚಾಪೆಯ ಮೇಲೆ ಎದುರುಬದುರು ಕೂತು ಹೇಳುತ್ತಿದ್ದೆ: ಕೊಡ, ಗುಬ್ಬಿ, ಬೆಲ್ಲ, ಚಪ್ಪಲಿ, ಹುಣಸಿಮರ. ಮೇಡಂ ಬದಿಗೆ ಕೂತು ಬರೆದುಕೊಳ್ಳುತ್ತಿದ್ದರು. ಬೇರೆ ಬಡಾವಣೆಗಳ ಮುದುಕರು ಎರಡೋ ಮೂರೋ ಶಬ್ದಕ್ಕೆ ನಿಂತುಬಿಡುತ್ತಿದ್ದರು. ನಮ್ಮ ನೇಕಾರರು ಮಾತ್ರ ಸರಸರ ಹೇಳುತ್ತಿದ್ದರು. ಮೇಡಂಗೆ ಆಶ್ಚರ್ಯವಾಯಿತು. ಎಳೆಗಳ ಲೆಕ್ಕ ಇಟ್ಟು ಇಟ್ಟು ಇವರ ತಲೆ ಗಟ್ಟಿಯಾಗಿರಬಹುದೇ ಎಂದು ಅವರು ಗಂಭೀರವಾಗಿಯೇ ಯೋಚಿಸತೊಡಗಿದರು. ನನಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಯನ್ನು ಇಳಿಸಿದವನು ಒಬ್ಬ ಹಳೆಯ ನೇಕಾರ. ಐದಕ್ಕೆ ಐದೂ ಹೇಳಿ, ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ನಕ್ಕ.

"ಏನಲೇ ಇದು ಪರೀಕ್ಷಾ? ಎಲ್ಲಾ ನೀನ ಹೇಳಿದಿ, ನಾ ಒದರಿದ್ನಿ."

ಮೇಡಂ ತಲೆ ಎತ್ತಿದರು. "ಏನ್ ಅಂದ್ರಿ ಅಜ್ಜಾರ?"

"ಅಲ್ರಿ ಬಾಯಾರ, ಇಂವಾ ಎದುರಿಗೆ ಕುಂತು ಬಾಯಿ ಆಡಸ್ತಾನ. ಗುಬ್ಬಿ ಅಂತಾನ, ಬೆಲ್ಲ ಅಂತಾನ. ನಮಗೇನ ದನಿ ಬೇಕೇನ್ರಿ? ಮಗ್ಗದಾಗ ದುಡದಾವ್ರು ನಾವು."

ಆಗಲೇ ನನಗೂ ಗೊತ್ತಾದದ್ದು. ಮಗ್ಗಗಳು ಓಡುವ ಖೋಲಿಯಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ದುಡಿಯುವವರು ದನಿ ತೆಗೆಯದೆ ತುಟಿಯಾಡಿಸಿ ಮಾತಾಡುತ್ತಾರೆ. ನೂಲು ತಾ ಎಂಬುದರಿಂದ ಹಿಡಿದು ಮಾಲಕನ ಗೇಲಿಯ ತನಕ ಎಲ್ಲವೂ ತುಟಿಯಲ್ಲೇ. ಎದುರಿನವರು ಶಬ್ದಕ್ಕಾಗಿ ತಡಕಾಡುವಾಗ ನನ್ನ ತುಟಿ ತಾನಾಗಿ ಆ ಶಬ್ದ ಹೇಳುತ್ತಿತ್ತು. ವಡಗಾವಿಯವರು ಅದನ್ನು ಓದಿಕೊಳ್ಳುತ್ತಿದ್ದರು. ಉಳಿದ ಬಡಾವಣೆಯವರಿಗೆ ಓದಲು ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೇಡಂ ಸಿಟ್ಟಾಗಲಿಲ್ಲ. "ಕೂಸಿಗೆ ತುತ್ತು ಹಾಕುವಾಗ ಹಾಕಾವ್ರ ಬಾಯೀನೂ ತೆರೀತದ ನೋಡ್ರಿ, ಹಂಗ ಇದು. ನಮ್ಮ ಮನಸ್ಸಿನ್ಯಾಗ ಇದ್ದ ಉತ್ತರ ನಮಗ ಗೊತ್ತಿಲ್ಲದಂಗ ಮೈಯಿಂದ ಸೋರತದ," ಎಂದರು. ವಡಗಾವಿಯ ಕಾಗದಗಳನ್ನೆಲ್ಲ ಹರಿದುಹಾಕಿದರು. ಕೆಲವು ವಾರ ಬಿಟ್ಟು ಬೇರೆ ಶಬ್ದಗಳಿಂದ ಮತ್ತೆ ಎಲ್ಲ ಮನೆಗಳಿಗೆ ಹೋದೆವು. ಈ ಸಲ ನನ್ನ ಮುಖಕ್ಕೆ ಮಾಸ್ಕ್. ಪ್ರಶ್ನೆ ಶುರುವಾದ ಮೇಲೆ ಅದನ್ನು ಇಳಿಸಬಾರದು ಎಂಬುದು ನಿಯಮ. ಸರಿಯಾದ ಉತ್ತರಗಳ ಲೆಕ್ಕ ಇಳಿಯಿತು. ನಮ್ಮ ನೇಕಾರರೂ ಎಲ್ಲರ ಹಾಗೆ ಮುದುಕರೇ ಎಂದು ಗೊತ್ತಾಯಿತು. ಅದೇ ನಕ್ಕವನಿಗೆ ಈ ಸಲ ಒಂದೇ ಶಬ್ದ ಸಿಕ್ಕಿತು. ಅವನು ನಗಲಿಲ್ಲ.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ.

ಅಕ್ಕ ಇರುವುದು ಖಾನಾಪುರದಲ್ಲಿ. ನಮ್ಮವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಮದುವೆಯಾಗುವ ತನಕ ನನ್ನ ಪಕ್ಕದ ಮಗ್ಗದಲ್ಲಿ ದುಡಿದಳು. ಅವಳ ಗಂಡ, ನಾನು ಮಾವ ಎಂದು ಕರೆಯುವವರು, ಹಂಚಿನ ಕಾರ್ಖಾನೆಯಲ್ಲಿದ್ದವರು, ಈಗ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚುವವಳು ಅಕ್ಕ. ಅವರ ಮಗ, ಅಂದರೆ ನನ್ನ ಅಳಿಯ, ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಕೆಲಸಕ್ಕೆ ಹೋಗುತ್ತಾನೆ. ಮುಂಜಾನೆ ಹೋದರೆ ಕತ್ತಲಾದ ಮೇಲೆ ಬರುವವನು. ಮನೆಯಲ್ಲಿ ಇಡೀ ದಿನ ಅಕ್ಕನ ಜೊತೆ ಇರುವವಳು ಸೊಸೆ, ಪೀರನವಾಡಿಯ ಹುಡುಗಿ.

ಒಮ್ಮೆ ನಾನು ಅಲ್ಲಿಗೆ ಹೋದಾಗ ಸೊಸೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಮೆಲ್ಲಗೆ ಕರೆದಳು.

"ಮಾಮಾ, ನಿಮ್ಮ ಮೇಡಮ್ಮಾರನ್ನ ಒಮ್ಮಿ ಕರ್ಕೊಂಡ ಬರ್ರಿ. ಅತ್ತಿಯಾರಿಗೆ ನೆನಪು ನಿಲ್ಲವಲ್ದಾಗೈತಿ. ಹಾಲು ಕಾಸಿ ಇಟ್ಟು ಮತ್ತ ಕಾಸ್ತಾರ. ಹೇಳಿದ್ದ ಹೇಳ್ತಾರ. ಮಾವಾರಿಗೆ ಸೂಜಿ ಅವರ ಮಾಡೂದು. ನನಗ ಎದಿ ಹಾರತೈತ್ರಿ."

"ಹಂಗಾರ ನೀ ಮಾಡಬೇಕಿಲ್ಲೇನವಾ ಸೂಜಿ?"

"ಕೇಳಿದ್ನಿರಿ. 'ನನ್ನ ಗಂಡಗ ನಾ ಮಾಡ್ತೀನಿ, ನೀ ನಿನ್ನ ಗಂಡಗ ಮಾಡಕೋ' ಅಂದ್ರು." ಅವಳಿಗೆ ನಗು ಬಂತು, ತಕ್ಷಣ ತಡೆದುಕೊಂಡಳು. "ನಾ ಹೇಳೇನಿ ಅಂತ ಅನಬ್ಯಾಡ್ರಿ ಮತ್ತ. ನಿಮ್ಮ ಮಾತು ಈ ಮನ್ಯಾಗ ನಡೀತೈತಿ, ಅದಕ್ಕ ಹೇಳೇನಿ."

ಕರೆತರುತ್ತೇನೆ ಎಂದೆ. ಆದರೆ ನನ್ನ ಮನಸ್ಸಿನಲ್ಲಿ ಬಂದ ಮೊದಲ ಮಾತು ಬೇರೆಯೇ. ಈ ಹುಡುಗಿ ಮನೆಗೆ ಬಂದು ಎಷ್ಟು ದಿನವಾಯಿತು, ಆಗಲೇ ಅಕ್ಕನ ಕೈಯಿಂದ ಒಂದೊಂದೇ ಕೆಲಸ ಕಸಿಯಲು ನೋಡುತ್ತಿದ್ದಾಳೆ, ಇವತ್ತು ಸೂಜಿ, ನಾಳೆ ಕಪಾಟಿನ ಕೀಲಿ, ಎಂದುಕೊಂಡೆ. ನೆನಪಿನ ಪರೀಕ್ಷೆ ಮಾಡುವವನಿಗೆ ಇಷ್ಟು ಲಕ್ಷಣ ಕೇಳಿದರೆ ಸಾಕಿತ್ತು. ನಾನು ಲಕ್ಷಣ ಕೇಳಿಸಿಕೊಳ್ಳಲಿಲ್ಲ, ಹೇಳಿದವಳ ಉದ್ದೇಶ ಹುಡುಕಿದೆ.

ಭಾನುವಾರ ಮೇಡಂ ಬಂದರು. ಅಕ್ಕ ಹೊಸ ಸೀರೆ ಉಟ್ಟು ಕೂತಳು. "ಏನ್ ಕೇಳ್ತೀ ಕೇಳೋ ತಮ್ಮಾ. ನಿನಗ ಮಗ್ಗಿ ಬಾಯಿಪಾಠ ಮಾಡಿಸಿದಾಕಿ ನಾನು," ಎಂದಳು. ಎಲ್ಲರೂ ನಕ್ಕೆವು. ಐದು ಶಬ್ದ ಹೇಳಿದೆ. ಕೂಡಲೇ ಐದನ್ನೂ ತಿರುಗಿ ಹೇಳಿದಳು. ವಾರಗಳನ್ನು ಹಿಂದಿನಿಂದ ಹೇಳುವಾಗ ಗುರುವಾರದ ಹತ್ತಿರ ಎಡವಿದಳು. ಕಡ್ಡಿಗಳನ್ನು ಜೋಡಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಈಗ ಮೊದಲ ಹೇಳಿದ್ನಲ್ಲಾ ಅಕ್ಕಾ, ಆ ಐದು ಹೇಳು."

"ಕೊಡ," ಎಂದಳು. ಮುಂದಿನದು ಬರಲಿಲ್ಲ.

ಮೇಡಂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಹೆದರಿಕೆ ಇತ್ತು. ಅವಳು ಹೆದರಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸೊಸೆ ತಂದಿಟ್ಟ ನೀರಿನ ಲೋಟ ಪಕ್ಕದಲ್ಲಿತ್ತು. ಕುಡಿಯುವ ನೆಪದಿಂದ ಮಾಸ್ಕನ್ನು ಗದ್ದಕ್ಕೆ ಇಳಿಸಿದೆ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ದನಿಯಿಲ್ಲದೆ ಹೇಳಿದೆ: ಗುಬ್ಬಿ.

"ಗುಬ್ಬಿ," ಎಂದಳು ಅಕ್ಕ. ಹೀಗೆ ಐದೂ ಆದವು.

ಪರೀಕ್ಷೆಯ ಇನ್ನೊಂದು ಭಾಗವಿತ್ತು. "ಮನ್ಯಾಗ ಇವರ ಜೋಡಿ ಹೆಚ್ಚು ಹೊತ್ತು ಇರಾವ್ರು ಯಾರು ಕಾಕಾ? ಅವರನ್ನ ಬ್ಯಾರೆ ಕುಂದ್ರಿಸಿ ಕೇಳಬೇಕು," ಎಂದರು ಮೇಡಂ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅಳಿಯನನ್ನು ಮುಂದೆ ಮಾಡಿದೆ. "ಮಗಾ ಅದಾನಲ್ರಿ, ಮನಿ ನಡಸಾಂವ ಅಂವನ." ಅಳಿಯ ಹೇಳಿದ: "ನಮ್ಮವ್ವ ನನಗಿಂತ ಚುರುಕ ಅದಾಳ್ರಿ. ನನ್ನ ಮೊಬೈಲ್ ಎಲ್ಲಿಟ್ಟೇನಿ ಅಂತ ಆಕಿನ ಹುಡುಕಿ ಕೊಡ್ತಾಳ." ಮೇಡಂ ನಕ್ಕರು. ವಯಸ್ಸಿಗೆ ತಕ್ಕಂತೆ ನೆನಪು ಚೆನ್ನಾಗಿಯೇ ಇದೆ, ಮುಂದಿನ ವರ್ಷ ಮತ್ತೊಮ್ಮೆ ನೋಡೋಣ ಎಂದು ಹೇಳಿ ಎದ್ದರು. ಸೊಸೆ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಕ್ಕ ಅಂದೇ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಳಂತೆ, ತಾನು ಪಾಸಾದೆನೆಂದು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅಳಿಯನ ಫೋನು ಬಂತು. ಮಾವ ಬೆವರಿ, ನಡುಗಿ, ಎಚ್ಚರ ತಪ್ಪಿದ್ದರು. ಸೊಸೆ ಓಡಿಹೋಗಿ ಆಟೋ ತಂದು ಊರಿನ ಆಸ್ಪತ್ರೆಗೆ ಸೇರಿಸಿದ್ದಳು. ಅಲ್ಲಿ ಗ್ಲುಕೋಸ್ ಏರಿಸಿ ಬೆಳಗಾವಿಗೆ ಕಳಿಸಿದ್ದರು. ನಾನು ಹೋಗುವಷ್ಟರಲ್ಲಿ ಮಾವನಿಗೆ ಎಚ್ಚರ ಬಂದಿತ್ತು. ಆದರೆ ನಾಲಗೆ ಹೊರಳುತ್ತಿರಲಿಲ್ಲ. ಆ ಬೆಳಗಿನದೇನೂ ಅವರಿಗೆ ನೆನಪಿರಲಿಲ್ಲ.

ಇನ್ಸುಲಿನ್ ಎರಡು ಸಲ ಹೋಗಿರಬೇಕು ಎಂದರು ವೈದ್ಯರು. ಯಾರು ಕೊಟ್ಟದ್ದು ಎಂದು ಕೇಳಿದರು.

"ನಾ ಒಂದ ಸಲ ಮಾಡೀನ್ರಿ," ಎಂದಳು ಅಕ್ಕ. ಅವಳ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. "ಮಾಡಿ, ಕರಿಬೇವು ತರಾಕ ಹಿತ್ತಲಕ್ಕ ಹೋಗಿದ್ನಿ. ಆವಾಗ ಇಕಿ ಮಾಡಿರಬೇಕು. ಸೂಜಿ ತನ್ನ ಕೈಯಾಗ ಕೊಡು ಅಂತ ಗಂಟ ಬಿದ್ದಿದ್ಲಲ್ಲ."

"ನಾ ಮುಟ್ಟೇ ಇಲ್ರಿ," ಎಂದಳು ಸೊಸೆ. "ಅತ್ತಿಯಾರ, ನೀವು ಹಿತ್ತಲದಿಂದ ಬಂದು ಮತ್ತ ಮಾಡಿರೇನು, ನೆನಪ ಮಾಡಕೋರಿ."

"ನನಗ ನೆನಪ ಇಲ್ಲಂತೀಯೇನ?"

ಅಳಿಯ ಹೆಂಡತಿಯ ಕಡೆ ತಿರುಗಿದ. "ಅವ್ವನ ನೆನಪ ನೆಟ್ಟಗೈತಿ ಅಂತ ಮೇಡಂ ಹೇಳಿ ಹೋಗ್ಯಾರ. ನಿನ್ನ ಎದುರಿಗೇನ ಹೇಳ್ಯಾರ. ಮಾಮಾ, ನೀವೂ ಇದ್ರಲ್ಲ?"

ಎಲ್ಲರೂ ನನ್ನನ್ನು ನೋಡಿದರು. ಸೊಸೆಯೂ ನೋಡಿದಳು.

"ಇದ್ನಿ," ಎಂದೆ.

ನಾನು ಹೇಳಿದ್ದು ಅಷ್ಟೇ. ಅದು ಸುಳ್ಳೂ ಅಲ್ಲ. ಆ ವಾರದಲ್ಲೇ ಅವಳ ಅಪ್ಪ ಸ್ಕೂಟರ್ ತಂದು ಮಗಳನ್ನು ಪೀರನವಾಡಿಗೆ ಕರೆದುಕೊಂಡು ಹೋದ. ಮಾವನ ಜೀವ ತೆಗೆಯಲು ಹೋದವಳು ಎಂಬ ಮಾತು ಅವಳಿಗಿಂತ ಮೊದಲೇ ಪೀರನವಾಡಿ ಮುಟ್ಟಿತ್ತು.

ನಾನು ಸುಮ್ಮನಿದ್ದೆ. ಹೇಳಿದರೆ ಅಕ್ಕ ಸುಳ್ಳುಗಾರ್ತಿಯಾಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಮಾತಿನಲ್ಲಿದ್ದ ಗಟ್ಟಿತನ ನೋಡಿ, ಅವಳೇ ಸರಿ ಇರಬಹುದೇನೋ ಎಂದೂ ಅಂದುಕೊಂಡೆ. ಖಾನಾಪುರಕ್ಕೆ ಹೋಗುವ ಬಸ್ಸು ಪೀರನವಾಡಿಯಲ್ಲಿ ನಿಂತಾಗ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದೆ.

ಆ ದಿನಗಳಲ್ಲೇ ವಡಗಾವಿಯ ಒಂದು ಸಭಾಭವನದಲ್ಲಿ ಮೇಡಂ ಅವರ ಭಾಷಣವಿತ್ತು. ನಾನು ಮೈಕ್ ಹಿಡಿದು ಪ್ರಶ್ನೆ ಕೇಳುವವರ ಬಳಿ ಓಡಾಡುತ್ತಿದ್ದೆ. ನೆನಪಿನಲ್ಲಿ ಬಿದ್ದ ತೂತನ್ನು ಮನಸ್ಸು ಹಾಗೇ ಬಿಡುವುದಿಲ್ಲ, ಸುತ್ತಮುತ್ತಲಿನ ಸಂಗತಿಗಳಿಂದ ಒಂದು ಕಥೆ ಹೆಣೆದು ಅದನ್ನು ಮುಚ್ಚುತ್ತದೆ, ಹೆಣೆದದ್ದು ಅವರಿಗೆ ಗೊತ್ತೇ ಆಗುವುದಿಲ್ಲ ಎಂದು ಮೇಡಂ ಹೇಳಿದರು.

ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು: "ಅದಕ್ಕ ಸುಳ್ಳ ಹೇಳೂದು ಅನ್ನಂಗಿಲ್ಲೇನ್ರಿ?"

"ಸುಳ್ಳ ಹೇಳಾವ್ರಿಗೆ ಖರೇ ಏನು ಅಂತ ಗೊತ್ತಿರತದವಾ. ಇವರಿಗೆ ಗೊತ್ತಿರಂಗಿಲ್ಲ. ಅದಕ್ಕ ಅವರು ನಮ್ಮಕಿಂತ ಗಟ್ಟಿಯಾಗಿ ಹೇಳ್ತಾರ. ಗಟ್ಟಿಯಾಗಿ ಹೇಳಿದ್ರು ಅಂತ ಖರೇ ಆಗಂಗಿಲ್ಲ."

ಮುಂದೆ ಕೈ ಎತ್ತಿದವರ ಬಳಿ ಮೈಕ್ ಒಯ್ಯುವುದನ್ನೇ ನಾನು ಮರೆತೆ.

ಮರುದಿನವೇ ಖಾನಾಪುರಕ್ಕೆ ಹೋದೆ. ಆಸ್ಪತ್ರೆಯಿಂದ ಬಂದ ಮೇಲೆ ಮಾವನಿಗೆ ಸೂಜಿ ಚುಚ್ಚುವವಳು ಮತ್ತೆ ಅಕ್ಕನೇ ಆಗಿದ್ದಳು, ಬೇರೆ ಯಾರೂ ಇರಲಿಲ್ಲ. ತಪ್ಪು ಸೊಸೆಯದು ಎಂದು ತೀರ್ಮಾನವಾದ ಮೇಲೆ ಅಕ್ಕನ ಕೈ ತಡೆಯುವವರಾದರೂ ಯಾರು? ಅಕ್ಕ ಚಹಾ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಕಪ್ಪು ತಂದಿಟ್ಟು, ನನ್ನ ಪಕ್ಕ ಕೂತು, ಬಾಗಿಲ ಕಡೆ ನೋಡಿದಳು.

"ಸೊಸಿ ಯಾಕೋ ತವರಿಗೆ ಹೋದಾಕಿ ಬಂದಽ ಇಲ್ಲಲ್ಲೋ ತಮ್ಮಾ. ಅಲ್ಲೇ ಯಾರಿಗರೆ ಆರಾಮ ಇಲ್ಲೇನು? ನೀ ಬರೂ ಮುಂದ ಪೀರನವಾಡ್ಯಾಗ ಇಳದು ಕೇಳಿಕೊಂಡ ಬರಬಾರದಾ?"

ನಾನು ಅವಳ ಮುಖ ನೋಡಿದೆ. ನಟನೆ ಇರಲಿಲ್ಲ. ಯಾರ ಮೇಲೆ ಆರೋಪ ಹೊರಿಸಿ ಮನೆಯಿಂದ ಕಳಿಸಿದ್ದಳೋ ಅವಳನ್ನು ಕಾಣದೆ ಅಕ್ಕನಿಗೆ ಚಿಂತೆಯಾಗಿತ್ತು. ಆರೋಪವೂ ಅವಳ ನೆನಪಿನಿಂದ ಹೋಗಿತ್ತು. ಉಳಿದವರ ನೆನಪಿನಲ್ಲಿ ಮಾತ್ರ ಅದು ಗಟ್ಟಿಯಾಗಿ ಕೂತಿತ್ತು.

ಎರಡನೇ ಕಪ್ಪನ್ನು ಮುಟ್ಟದೆ ಎದ್ದೆ. ಬಸ್ಸು ಹಿಡಿದು, ಮನೆಗೂ ಹೋಗದೆ, ನೇರ ಶಿವಬಸವ ನಗರಕ್ಕೆ ಹೋದೆ. ಮೇಡಂ ಎದುರು ಕೂತು ಎಲ್ಲ ಹೇಳಿದೆ. ಮಾಸ್ಕ್ ಇಳಿಸಿದ್ದು, ಸೊಸೆಯನ್ನು ಬಿಟ್ಟು ಅಳಿಯನನ್ನು ಮುಂದೆ ಮಾಡಿದ್ದು, ಆಸ್ಪತ್ರೆಯಲ್ಲಿ 'ಇದ್ನಿ' ಎಂದದ್ದು.

ಅವರು ಅಕ್ಕನ ಪರೀಕ್ಷೆಯ ಕಾಗದ ಹುಡುಕಿ ತೆಗೆದು ನೋಡಿದರು. "ನಾ ತಲಿ ಬಗ್ಗಿಸಿ ಬರಕೋತ ಕುಂತಿದ್ನಿ," ಎಂದರು ಕೊನೆಗೆ. "ಆ ಹುಡಿಗೀನ ನಾನಽ ಕರದು ಕೇಳಬೇಕಾಗಿತ್ತು. ನೀವು ಮಗನ್ನ ತೋರಿಸಿದ್ರಿ, ನಾ ಒಪ್ಪಿಕೊಂಡ್ನಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಇನ್ನ ಮ್ಯಾಲ ನೀವು ಯಾರಿಗೂ ಪ್ರಶ್ನಿ ಕೇಳಬ್ಯಾಡ್ರಿ ಕಾಕಾ. ಸೂಜಿದು ಮಾತ್ರ ಈಗಿಂದೀಗ ಫೋನ್ ಮಾಡಿ ಬಂದ ಮಾಡಸ್ರಿ."

ಅಲ್ಲೇ ಕೂತು ಅಳಿಯನಿಗೆ ಫೋನು ಮಾಡಿದೆ. ಎಲ್ಲ ಎದುರು ಬಂದು ಹೇಳುತ್ತೇನೆ, ಅಲ್ಲಿಯ ತನಕ ಅವ್ವನ ಕೈಗೆ ಸೂಜಿ ಕೊಡಬೇಡ ಎಂದೆ. ಅವನು ರಜೆ ಹಾಕಿ ಮನೆಯಲ್ಲಿ ಉಳಿದ.

ಎರಡನೇ ಪರೀಕ್ಷೆಯ ದಿನ ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಮೇಡಂ ತಾವೇ ಬೇರೆ ಶಬ್ದಗಳನ್ನು ಹೇಳಿ ಕೇಳಿದರು. ಕಿಟಕಿಯಿಂದ ಅಕ್ಕನ ದನಿ ಕೇಳುತ್ತಿತ್ತು. ಮೊದಲ ಸಲ ಐದನ್ನೂ ಹೇಳಿದಳು. ಕೊನೆಗೆ ಕೇಳಿದಾಗ ಸದ್ದಿಲ್ಲ. ಆಮೇಲೆ, "ಯಾವ ಶಬ್ದ್ರಿ? ನೀವೇನೂ ಹೇಳೇ ಇಲ್ಲಲ್ಲ," ಎಂದಳು. ಕಟ್ಟೆಯ ಮೇಲೆ ಕೂತಿದ್ದ ನನ್ನ ತುಟಿ ಆಗಲೂ ಆಡುತ್ತಿತ್ತು.

ಮೇಡಂ ಎಲ್ಲರನ್ನೂ ಕೂಡಿಸಿ ಅಕ್ಕನ ಕೈ ಹಿಡಿದುಕೊಂಡು ಹೇಳಿದರು. ಇದು ಯಾರ ತಪ್ಪೂ ಅಲ್ಲ, ಕಾಯಿಲೆ, ವೈದ್ಯರಿಗೆ ತೋರಿಸೋಣ, ಸೂಜಿ ಮಾತ್ರ ಇನ್ನು ಬೇರೆಯವರು ಮಾಡಲಿ ಎಂದರು. ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಉಸಿರು ಬಿಟ್ಟಳು.

"ತಲಿ ಖಾಲಿ ಆಗಾಕತ್ತಿದ್ದು ನನಗ ಯಾವಾಗೋ ಗೊತ್ತಿತ್ತವಾ. ನಾನಽ ಹೆಂಗ ಹೇಳಲಿ? ಯಾರರೆ ಕಂಡ ಹಿಡೀಲಿ ಅಂತಿದ್ನಿ."

ಆ ಮೊದಲ ಪರೀಕ್ಷೆಯ ದಿನ ಅವಳ ಕಣ್ಣಲ್ಲಿದ್ದ ಹೆದರಿಕೆ ನನ್ನಿಂದ ಉತ್ತರ ಕೇಳುತ್ತಿದೆ ಎಂದು ನಾನು ಓದಿದ್ದೆ. ಅಕ್ಕ ಸೋತರೆ ಮೇಡಂ ಎದುರು ನನ್ನ ಮಾನ ಹೋಗುತ್ತದೆ ಎಂಬ ನನ್ನದೇ ಹೆದರಿಕೆಯನ್ನು ಅವಳ ಮುಖದಲ್ಲಿ ಕಂಡಿದ್ದೆನೋ ಏನೋ.

ಅಳಿಯನಿಗೆ ನಾನೇ ಎಲ್ಲವನ್ನೂ ಹೇಳಿದೆ, ಹಿತ್ತಲಿಗೆ ಕರೆದು. ಅವನು ನನ್ನ ಮೇಲೆ ಕೈ ಮಾಡಿದ್ದರೂ ನಾನು ತಡೆಯುತ್ತಿರಲಿಲ್ಲ. "ನನ್ನ ಹೇಣ್ತಿ ಅಂದು ದವಾಖಾನ್ಯಾಗ ನಿಮ್ಮ ಮಾರಿ ನೋಡಿದ್ಲು ಮಾಮಾ. ನೀವು ಏನರೆ ಹೇಳ್ತೀರಿ ಅಂತ ನೋಡಿದ್ಲು. ನಾ ಕಂಡೇನಿ," ಎಂದ. ಆಮೇಲೆ, "ನಾನರೆ ಎಂಥಾಂವ. ನಾನೂ ಆಕಿ ಮಾತ ನಂಬಲಿಲ್ಲಲ್ಲ," ಎಂದು ಗೋಡೆಯ ಕಡೆ ತಿರುಗಿ ನಿಂತ.

ಇಬ್ಬರೂ ಪೀರನವಾಡಿಗೆ ಹೋದೆವು. ಸೊಸೆಯ ಅಪ್ಪ ನಮಗೆ ಕೂರಿ ಎನ್ನಲಿಲ್ಲ. ಅವಳು ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. ಬಹಳ ಸೊರಗಿದ್ದಳು. ನಿಂತುಕೊಂಡೇ ನಾನು ಎಲ್ಲವನ್ನೂ ಹೇಳಿದೆ. ತಪ್ಪಾಯಿತವ್ವಾ ಎಂದೆ. ಎರಡು ಸಲ ಸೂಜಿ ಚುಚ್ಚಿದವಳು ಅಕ್ಕನೇ, ನೀನಲ್ಲ ಎಂದೆ.

ಅವಳು ಬಯ್ಯುತ್ತಾಳೆ ಎಂದು ಕಾದೆ. ಅವಳು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು.

"ಖರೇನ ನಾ ಮಾಡಿಲ್ಲೇನ್ರಿ ಮಾಮಾ?"

"ಇಲ್ಲವಾ. ನೀ ಮುಟ್ಟಿಲ್ಲ."

"ಮೊದಲ ನನಗೂ ಹಂಗ ಗೊತ್ತಿತ್ರಿ. ಎಲ್ಲಾರೂ ಕೇಳಿದ್ರು. ಇವರು ಕೇಳಿದ್ರು, ನಮ್ಮಪ್ಪ ಕೇಳಿದ, ಓಣ್ಯಾಗಿನ ಮಂದಿ ಕೇಳಿದ್ರು. 'ಗಡಿಬಿಡ್ಯಾಗ ಮಾಡಿರಬೇಕು, ನೆನಪ ಮಾಡಕೋ' ಅಂದ್ರು. ದಿನಾ ನೆನಪ ಮಾಡಕೊಂಡ ಮಾಡಕೊಂಡ, ಈಗ ಕಣ್ಣಿಗೆ ಕಾಣತೈತ್ರಿ. ಮಾವಾರ ಹೊಟ್ಟಿ ಮ್ಯಾಲಿನ ಅರಬಿ ಸರಿಸಿದ್ದು, ಸೂಜಿ ಹಿಡದಿದ್ದು, ಎಲ್ಲಾ. ನೀವು ಈಗ ಬಂದು ಇಲ್ಲ ಅಂತೀರಿ. ಕಾಣಾಕತ್ತಿದ್ದನ್ನ ನಾ ಹೆಂಗ ತಗೀಲಿ?"

ಅಳಿಯ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮೇಡಂ ಅವರನ್ನು ಆಮೇಲೆ ಕೇಳಿದೆ. ಹಾಗಾಗುತ್ತದೆ ಎಂದರು. ಒಂದು ಸಂಗತಿಯನ್ನು ಮತ್ತೆ ಮತ್ತೆ ಊಹಿಸಿಕೊಳ್ಳುವಂತೆ ಮಾಡಿದರೆ, ಅದನ್ನು ಹೇಳುವವರು ನಮ್ಮವರೇ ಆದರೆ, ಊಹೆಯೇ ನೆನಪಿನ ಜಾಗದಲ್ಲಿ ಕೂತುಬಿಡಬಹುದು. ಚೆನ್ನಾಗಿ ನೆನಪಿರುವ ಮನಸ್ಸಿಗೂ ಇದು ತಪ್ಪಿದ್ದಲ್ಲ. ಅದು ಹೋಗುತ್ತದೆಯೇ ಎಂದು ಕೇಳಿದೆ. ಮಸುಕಾಗಬಹುದು, ಪೂರಾ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು.

ಸೊಸೆ ಕೂಡಲೇ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ತಾನಾಗಿಯೇ ಖಾನಾಪುರಕ್ಕೆ ಬಂದಳು. ಅಕ್ಕ ಅವಳನ್ನು ಕಂಡು, "ಎಷ್ಟು ದಿನಾ ತವರಾಗ ಇರೂದು," ಎಂದು ಪ್ರೀತಿಯಿಂದ ಗದರಿದಳಂತೆ. ಈಗ ಮಾವನಿಗೆ ಸೂಜಿ ಮಾಡುವವಳು ಸೊಸೆ. ಮನೆಯಲ್ಲಿ ಎಲ್ಲರೂ ಅವಳನ್ನು ನಂಬುತ್ತಾರೆ. ಅವಳು ಮಾತ್ರ ತನ್ನನ್ನು ನಂಬುವುದಿಲ್ಲ. ಪಕ್ಕದ ಮನೆಯ ಹೆಂಗಸನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡೇ ಔಷಧ ಎಳೆಯುತ್ತಾಳೆ.

ಕಳೆದ ವಾರ ನಾನು ಅಲ್ಲಿದ್ದೆ. ಪಕ್ಕದ ಮನೆಯವಳು ಬರುವುದು ತಡವಾಯಿತು. ಮಾವನ ಊಟ ತಣ್ಣಗಾಗುತ್ತಿತ್ತು.

"ಮಾಮಾ, ಇಲ್ಲಿ ಬಂದು ನಿಂದರ್ರಿ. ನೋಡ್ರಿ," ಎಂದಳು.

ನಿಂತೆ. ಅವಳು ಚುಚ್ಚಿದಳು, ಸೂಜಿ ತೆಗೆದಳು, ಸೀಸೆಯನ್ನು ಎತ್ತಿಟ್ಟಳು. ಅಡುಗೆಮನೆಗೆ ಹೋಗಿ ತಟ್ಟೆ ತಂದವಳು ಹೊಸ್ತಿಲಲ್ಲೇ ನಿಂತಳು.

"ಮಾಡೀನಲ್ರಿ ಮಾಮಾ?"

"ಮಾಡಿದಿಯವಾ. ನಾ ನೋಡೇನಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ಹಾಸಿಗೆಯ ಬಳಿ ಹೋಗಿ, ಮಾತು ತೊದಲುವ ಮಾವನ ಕಿವಿಯ ಹತ್ತಿರ ಬಗ್ಗಿ, ಅದನ್ನೇ ಮತ್ತೊಮ್ಮೆ ಅವರನ್ನು ಕೇಳಿದಳು.